ಮಂಗಳೂರಿನಲ್ಲಿ ಕೃತಕ ಚರ್ಮದ ಹ್ಯಾಂಡ್‌ಬ್ಯಾಗ್ ಬಳಸದೆ ಇಟ್ಟರೂ ಸಿಪ್ಪೆ ಏಳುವುದೇಕೆ? ಸಸ್ಯಜನ್ಯ ‘ಚರ್ಮ’ವಾದರೆ ಬಾಳುತ್ತದೆಯೇ?

ಗಾಳಿಯ ತೇವವೇ ಕಾರಣ. ಕೃತಕ ಚರ್ಮದ ಒಂದು ಬಗೆಯಾದ ‘ಪಿಯು ಲೆದರ್’ ಎಂದರೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪದರ. ಈ ಪ್ಲಾಸ್ಟಿಕ್ ಉದ್ದುದ್ದ ಸರಪಳಿಗಳಂಥ ಅಣುಗಳಿಂದಾದದ್ದು. ಅಗ್ಗದ ಬಗೆಯದರಲ್ಲಿ ಆ ಸರಪಳಿಯ ಕೊಂಡಿಗಳನ್ನು ನೀರಿನ ಅಣುಗಳು ಒಂದೊಂದಾಗಿ ತುಂಡರಿಸುತ್ತವೆ. ಸರಪಳಿ ಗಿಡ್ಡವಾದಷ್ಟೂ ಪದರ ಮೊದಲು ಅಂಟಂಟಾಗಿ, ಆಮೇಲೆ ಬಿರಿದು ಹುಡಿಯಾಗುತ್ತದೆ. ಬ್ಯಾಗ್ ಮಳೆಯಲ್ಲಿ ನೆನೆಯಬೇಕೆಂದೇ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಮುಚ್ಚಿದ ಕಪಾಟಿನೊಳಗಿನ ಗಾಳಿಯೇ ಸಾಕು! ಮದುವೆ ಮನೆಗೆಂದು ಜೋಪಾನವಾಗಿ ಎತ್ತಿಟ್ಟ ಬ್ಯಾಗ್ ಹಾಳಾದರೆ ಅದು ನಿಮ್ಮ ತಪ್ಪಲ್ಲ.

ರೆಕ್ಸಿನ್ ಎಂದು ನಾವು ಕರೆಯುವ ಪಿವಿಸಿಗೆ ನೀರಿನ ಕಾಟ ಕಡಿಮೆ. ಆದರೆ ಅದನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ವಸ್ತು ವರ್ಷಗಟ್ಟಲೆ ಹೊರಬಂದು, ಕೊನೆಗೆ ರೆಕ್ಸಿನ್ ಗಡುಸಾಗಿ ಸೀಳುತ್ತದೆ.

ಇನ್ನು ಸಸ್ಯಜನ್ಯದ್ದು. ಅನಾನಸಿನ ಎಲೆಯ ನಾರಿನ ಪಿನ್ಯಾಟೆಕ್ಸ್, ಮೆಕ್ಸಿಕೋದ ಪಾಪಸುಕಳ್ಳಿಯಿಂದ ಮಾಡುವ ಡೆಸೆರ್ಟೊ ಎರಡರಲ್ಲೂ ಪಾಲಿಯುರೆಥೇನ್ ಇದ್ದೇ ಇದೆ; ಹಾಗಾಗಿ ತೇವದ ಭಯ ಅವಕ್ಕೂ ಇದೆ. ‘ಸಸ್ಯಜನ್ಯ’ ಎಂಬ ಚೀಟಿ ಇದನ್ನು ಹೇಳುವುದಿಲ್ಲ. ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ನೆರೆಯ ಕೇರಳದಲ್ಲಿ ಹುಟ್ಟಿದ ‘ಮಲೈ’ಯ ದಾರಿ ಬೇರೆ: ತೆಂಗಿನಕಾಯಿ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅದು ನೇಯುವ ಸೆಲ್ಯುಲೋಸ್ ಹಾಳೆಯನ್ನು ಬಳಸುತ್ತಾರೆ.

ಕೊಳ್ಳುವಾಗ ಮೇಲಿನ ಲೇಪ ಯಾವುದೆಂದು ಕೇಳಿ. ಪಾಲಿಕಾರ್ಬೊನೇಟ್ ಬಗೆಯ ಪಿಯು ತೇವವನ್ನು ಹೆಚ್ಚು ಕಾಲ ತಡೆಯುತ್ತದೆ. ಮಳೆಗಾಲದಲ್ಲಿ ಬ್ಯಾಗನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಡದೆ, ಗಾಳಿಯಾಡುವ ಕಡೆ ನೇತುಹಾಕಿ.