ಇಪ್ಪತ್ತು ಪುಸ್ತಕ, ಎಂಟು ಮಕ್ಕಳು

ಪ್ರಶ್ನೆ: ಟೆಕ್ಸಾಸ್‌ನ ಪ್ರಾಥಮಿಕ ಶಾಲೆಯೊಂದರ ವಿಶೇಷ ಶಿಕ್ಷಣ ತರಗತಿಯಲ್ಲಿ ಸಹಾಯಕಿಯಾಗಿದ್ದೇನೆ. ಆರರಿಂದ ಎಂಟು ವರ್ಷದ ಎಂಟು ಮಕ್ಕಳು. ಮೂವರಿಗೆ ಮಾತು ಬಂದಿಲ್ಲ, ನಾಲ್ವರ ಮನೆಮಾತು ಸ್ಪ್ಯಾನಿಷ್. ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರ) ಪರಂಪರೆಯ ಮಾಸಕ್ಕೆಂದು ಇಪ್ಪತ್ತು ಚಿತ್ರಪುಸ್ತಕ ತಂದಿದ್ದೇವೆ. ಎರಡು ಪುಟ ಮುಗಿಯುವಷ್ಟರಲ್ಲಿ ಮಕ್ಕಳು ಎದ್ದು ಓಡುತ್ತಾರೆ. ಸ್ಪ್ಯಾನಿಷ್ ಬೆರೆಸಿದರೆ ಗೊಂದಲವಾಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಹತ್ತೊಂಬತ್ತನ್ನು ಲೈಬ್ರರಿಗೆ ವಾಪಸ್ ಕೊಡಿ. ತಮಾಷೆಗೆ ಹೇಳುತ್ತಿಲ್ಲ. ಸೋಮವಾರ ಕೇಳಿದ ಕಥೆಯನ್ನೇ ದಿನವೂ ಕೇಳಿದರೆ, ಮುಂದೇನು ಬರುತ್ತದೆಂದು ಗುರುವಾರದ ಹೊತ್ತಿಗೆ ಮಗುವಿಗೆ ಗೊತ್ತಿರುತ್ತದೆ. ಕೂತು ಕೇಳುವುದು ಶುರುವಾಗುವುದು ಆಗ.

ಗ್ಯಾರಿ ಸೋಟೊ ಬರೆದ ‘ಟೂ ಮೆನಿ ತಮಾಲೇಸ್’ (1993) ತೆಗೆದುಕೊಳ್ಳಿ. ತಮಾಲೆ ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಸಿಪ್ಪೆಯಲ್ಲೋ ಎಲೆಯಲ್ಲೋ ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬು. ಕ್ರಿಸ್‌ಮಸ್ ಹಿಂದಿನ ದಿನ ಮರಿಯಾ ಎಂಬ ಹುಡುಗಿ ಅಮ್ಮನ ವಜ್ರದುಂಗುರ ಹಾಕಿಕೊಂಡು ಹಿಟ್ಟು ನಾದುತ್ತಾಳೆ. ಆಮೇಲೆ ಉಂಗುರ ತಮಾಲೆಯೊಳಗೆ ಸೇರಿಹೋಯಿತೆಂದು ಹೆದರಿ, 24 ತಮಾಲೆಗಳನ್ನೂ ದಾಯಾದಿ ಮಕ್ಕಳ ಜೊತೆ ಸೇರಿ ತಿಂದು ಮುಗಿಸುತ್ತಾಳೆ. ಮುಚ್ಚಿಡುವುದು, ಹುಡುಕುವುದು, ಇಷ್ಟೇ ಕಥೆ. ಮಾತು ಬಾರದ ಮಗುವೂ ಇದರಲ್ಲಿ ಪಾಲ್ಗೊಳ್ಳಬಹುದು.

ಮೆಕ್ಕೆಜೋಳದ ಹಿಟ್ಟು ಕಲಸಿ ಬೋಗುಣಿಯಲ್ಲಿಡಿ. ಒಳಗೆ ಉಂಗುರ ಮಾತ್ರ ಬೇಡ. ಸಿಕ್ಕಿದ್ದನ್ನು ಬಾಯಿಗಿಡುವ ಮಕ್ಕಳಿರುತ್ತಾರೆ. ದೊಡ್ಡ ಬಳೆ ಹಾಕಿ. ತಮಾಲೆ ತಿನ್ನಿಸುವುದಿದ್ದರೆ ಅದಕ್ಕೆ ಮುಂಚೆ ಅಲರ್ಜಿ, ನುಂಗುವ ತೊಂದರೆ ಎರಡನ್ನೂ ಕಡತದಲ್ಲಿ ನೋಡಿಕೊಳ್ಳಿ. ಹಿಟ್ಟು ಮುಟ್ಟಲೊಲ್ಲದ ಮಗುವಿನ ಕೈಗೆ ಒಣಗಿದ ಜೋಳದ ಸಿಪ್ಪೆ ಕೊಡಿ, ಸಾಕು. (ಆ ಜೋಳವನ್ನು ಬೇಯಿಸುವುದು ನಾವು ಎಲೆಯಡಿಕೆಗೆ ಹಚ್ಚುವ ಸುಣ್ಣದ ನೀರಿನಲ್ಲೇ. ತಮಾಲೆಯನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಹಲಸಿನೆಲೆಯ ಕೊಟ್ಟೆಕಡುಬು.)

‘ದೋಂದೆ ಎಸ್ತಾ ಎಲ್ ಅನಿಯೊ?’ ಅಂದರೆ ‘ಉಂಗುರ ಎಲ್ಲಿ?’ ಈ ಸಾಲನ್ನು ಒತ್ತಿದರೆ ಮಾತಾಡುವ ಗುಂಡಿಯಲ್ಲಿ ದಾಖಲಿಸಿ, ಪುಟ ತಿರುವುವ ಮುನ್ನ ಮಗುವಿನ ಮುಂದಿಡಿ. ಒತ್ತಲು ಹತ್ತು ಸೆಕೆಂಡು ಬೇಕಾದರೂ ಸುಮ್ಮನೆ ಕಾಯಿರಿ. ನಮ್ಮಂಥವರಿಗೆ ಇದೇ ಕಷ್ಟ, ಬಾಯಿ ತುರಿಸುತ್ತದೆ. ಧ್ವನಿ ನಿಮ್ಮದು ಬೇಡ, ಯಾರಾದರೂ ತಾಯಿಯದು ಇರಲಿ.

ಗೊಂದಲದ ಮಾತು ಹಳೆಯ ನಂಬಿಕೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆಂದು ಅಧ್ಯಯನಗಳು ತೋರಿಸಿಲ್ಲ. ಮನೆಮಾತು ಬಿಡಿಸಿದರೆ ಮಗು ಕಳೆದುಕೊಳ್ಳುವುದು ಅಜ್ಜಿಯ ಜೊತೆಗಿನ ಮಾತುಕತೆಯನ್ನು. ಇಲ್ಲಿ ಮಕ್ಕಳಿಗೆ ಕನ್ನಡ ಬಿಡಿಸಿ ಎಂಬ ಸಲಹೆ ಕೇಳಿದ ನಮ್ಮವರಿಗೂ ಇದನ್ನೇ ಹೇಳುತ್ತೇನೆ.

ಇನ್ನು ಮೆಕ್ಸಿಕೋ ಎಂದಾಕ್ಷಣ ತೂಗುಹಾಕುವ ದೊಡ್ಡ ಟೋಪಿ, ಕಳ್ಳಿಗಿಡದ ಅಲಂಕಾರ ಇದ್ದರೆ ತೆಗೆಸಿಬಿಡಿ; ಸ್ಪ್ಯಾನಿಷ್ ಮಾತಾಡುವವರೆಲ್ಲ ಮೆಕ್ಸಿಕೋದವರಲ್ಲ. ಮಾಸಾಚರಣೆ ಸೆಪ್ಟೆಂಬರ್ 15ಕ್ಕೆ ಶುರುವಾಗುವುದು ಅಂದು ಗ್ವಾಟೆಮಾಲ, ಹೊಂಡುರಾಸ್ ಸೇರಿದಂತೆ ಮಧ್ಯ ಅಮೆರಿಕದ ಐದು ದೇಶಗಳ ಸ್ವಾತಂತ್ರ್ಯ ದಿನವೆಂದು; ಮೆಕ್ಸಿಕೋದ್ದು ಮರುದಿನ. ಆ ನಾಲ್ಕು ಮನೆಗಳಿಗೆ ಚೀಟಿ ಕಳಿಸಿ: ನಿಮ್ಮಲ್ಲಿ ತಮಾಲೆ ಮಾಡುತ್ತೀರಾ, ಜೋಳದ ಸಿಪ್ಪೆಯಲ್ಲೋ ಬಾಳೆ ಎಲೆಯಲ್ಲೋ, ಅಜ್ಜಿಯನ್ನು ಮಗು ಏನೆಂದು ಕರೆಯುತ್ತದೆ? ‘ಅಬುವೆಲಾ’ ಇರಬಹುದು, ‘ಲೀತಾ’ ಇರಬಹುದು. ಬಂದ ಉತ್ತರವನ್ನು ಹಾಗೆಯೇ ಆ ಮಗು ಚಿತ್ರ ತೋರಿಸಿ ಮಾತಾಡುವ ಸಂವಹನ ಫಲಕದಲ್ಲಿ ಅಜ್ಜಿಯ ಫೋಟೋ ಕೆಳಗೆ ಹಾಕಿ. ಅಕ್ಟೋಬರ್ 15 ಕಳೆದ ಮೇಲೆ ಅದನ್ನು ತೆಗೆಯಬೇಡಿ.