ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರಿಗೆ ಬಾಣಂತನದಲ್ಲಿ ಖಿನ್ನತೆ ಬರುವ ಸಾಧ್ಯತೆ ಏಕೆ ಹೆಚ್ಚು?

ಅಪಾಯವನ್ನು ಗುರುತಿಸುವ ಮಿದುಳಿನ ವ್ಯವಸ್ಥೆ ಎಳವೆಯಲ್ಲೇ ಅತಿಸೂಕ್ಷ್ಮವಾಗಿರುತ್ತದೆ. ಹೆರಿಗೆ, ಬಾಣಂತನ ಅದನ್ನು ಮತ್ತೆ ಕೆಣಕುತ್ತವೆ. ಪದೇ ಪದೇ ಹೊಡೆತ, ಬೈಗುಳ, ಲೈಂಗಿಕ ಕಿರುಕುಳ ಕಂಡ ಮಗು ಸದಾ ಎಚ್ಚರವಾಗಿರುವುದನ್ನು ಕಲಿಯುತ್ತದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಏರಿಳಿತ ಹದ ತಪ್ಪಬಹುದು. ಆಮೇಲೆ ವರ್ಷಗಟ್ಟಲೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಹೆರಿಗೆಯಾದಾಗ ಹಾರ್ಮೋನುಗಳು ಥಟ್ಟನೆ ಕುಸಿಯುತ್ತವೆ, ನಿದ್ದೆ ತುಂಡು ತುಂಡಾಗುತ್ತದೆ. ಒಳಪರೀಕ್ಷೆ, ಹಾಲೂಡಿಸುವಾಗಿನ ಸ್ಪರ್ಶ ಕೂಡ ಹಳೆಯ ಭಯವನ್ನು ಎಬ್ಬಿಸಬಹುದು. ಮಗುವಿನ ಮೇಲೆ ಪ್ರೀತಿ ಇಲ್ಲ ಎಂದು ಇದರ ಅರ್ಥ ಖಂಡಿತ ಅಲ್ಲ. ದೌರ್ಜನ್ಯ ಕಂಡ ಎಲ್ಲರಿಗೂ ಹೀಗಾಗುವುದೂ ಇಲ್ಲ.

ಹೆರಿಗೆಯಾದ ಮೂರ್ನಾಲ್ಕನೇ ದಿನ ಶುರುವಾಗುವ ಅಳು ಸಾಮಾನ್ಯವಾಗಿ 2 ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಕಾಯಬೇಡಿ. ಬಾಣಂತನದ ಖಿನ್ನತೆಯ ಲಕ್ಷಣಗಳನ್ನು ಗುರುತಿಸಲು ಬಳಸುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳು, ಒಟ್ಟು 30 ಅಂಕ. 13 ಅಥವಾ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಬೇಕು. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಆ ಯೋಚನೆ ಬಂದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಸಹಾಯ ಬೇಕು.

ಒಳಪರೀಕ್ಷೆಗೆ ಮೊದಲೇ ‘ನನಗಿದು ಕಷ್ಟ, ಕೈ ಎತ್ತಿದರೆ ನಿಲ್ಲಿಸಿ’ ಎಂದು ಹೇಳಿ. ಕಾರಣ ವಿವರಿಸಬೇಕಾಗಿಲ್ಲ. ರಾತ್ರಿ ಮನೆಯವರು ಮಗುವನ್ನು ನೋಡಿಕೊಂಡು ತಾಯಿಗೆ 4–5 ಗಂಟೆ ಒಂದೇ ಸಮನೆ ನಿದ್ದೆ ಮಾಡಲು ಬಿಟ್ಟರೆ ಅದು ದೊಡ್ಡ ಆಸರೆ. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವೂ ಇದೆ.