ಸ್ಟಾರ್ಟರ್ ಡಬ್ಬಿಗೆ ಎರಡು ಕೀಲಿಕೈ

ಪ್ರಶ್ನೆ: ಅಪ್ಪನ ಕಾಲದ ಬಾವಿ ನನಗೂ ಅಣ್ಣನಿಗೂ ಕೂಡಿ ಇದೆ. ನೀರಿನ ಪಾಳಿಯ ಜಗಳ ನಾಲ್ಕು ವರ್ಷದಿಂದ ಕೋರ್ಟಿನಲ್ಲಿದೆ. ಊರ ಹಿರಿಯರು ಎರಡು ಸಲ ಪಂಚಾಯ್ತಿ ಮಾಡಿದರೂ ಬಗೆಹರಿಯಲಿಲ್ಲ. ಈಗ ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಿದ್ದಾರೆ. ಅಲ್ಲಿ ಬಾಯಿ ಬಿಟ್ಟರೆ ನನ್ನ ಕೇಸು ಸಡಿಲ ಆಗುವುದಿಲ್ಲವೇ?
– ಹೆಸರು ಬೇಡ, ಇಂಡಿ ತಾಲ್ಲೂಕು

ಉತ್ತರ: ಆಗುವುದಿಲ್ಲ. ಆ ಕೋಣೆಯಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯಬೇಕು ಎನ್ನುತ್ತದೆ ಕಾನೂನು. ‘ಇವರು ಅಲ್ಲಿ ಹೀಗೆ ಒಪ್ಪಿದ್ದರು’ ಅಂತ ಅಣ್ಣನ ವಕೀಲರು ನಾಳೆ ಕೋರ್ಟಿನಲ್ಲಿ ಎತ್ತುವಂತಿಲ್ಲ. ರಾಜಿ ಆಗದಿದ್ದರೆ ‘ಆಗಲಿಲ್ಲ’ ಎಂದಷ್ಟೇ ವರದಿ ಹೋಗುತ್ತದೆ. ಕೇಸು ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಊರ ಪಂಚಾಯ್ತಿಯಂತೆ ಇದು ಅಂತ ತಿಳಿಯಬೇಡಿ. ಕಟ್ಟೆಯ ಮೇಲೆ ಹಿರಿಯರು ಹತ್ತು ಜನರ ಎದುರು ತೀರ್ಪು ಹೇಳುತ್ತಾರೆ. ಮಧ್ಯಸ್ಥರು ತೀರ್ಪು ಕೊಡುವುದೇ ಇಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ನೀವು ಹೇಳಬೇಡಿ ಅಂದದ್ದನ್ನು ಅಣ್ಣನಿಗೆ ತಿಳಿಸುವುದಿಲ್ಲ.

ನಾನು ವಿಜಯಪುರದಲ್ಲಿ ವಕೀಲ, ಮಧ್ಯಸ್ಥನಾಗಿಯೂ ಕೂತವನು. ನಿಮ್ಮಂಥದೇ ಒಂದು ಕೇಸು ಬಂದಿತ್ತು. (ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ.) ದಾವೆಯ ಕಾಗದದಲ್ಲಿ ಬರೀ ಎಕರೆ, ಗುಂಟೆ, ತಾಸುಗಳ ಲೆಕ್ಕ. ತಮ್ಮನನ್ನು ಒಬ್ಬನೇ ಕೂರಿಸಿ ಕೇಳಿದರೆ, ‘ಪಾಳಿ ಹೋಗ್ಲಿ ಬಿಡ್ರಿ ಸಾಹೇಬ್ರ. ಸ್ಟಾರ್ಟರ್ ಡಬ್ಬಿಗೆ ನನಗ ಹೇಳದ ಕೇಳದ ಕೀಲಿ ಹಾಕ್ಯಾನ್ರಿ. ನಾ ಏನ್ ಕಳ್ಳೇನ್ರಿ?’ ಅಂದ. (ಸ್ಟಾರ್ಟರ್ ಅಂದರೆ ಬಾವಿಯ ಮೋಟಾರ್ ಚಾಲೂ ಮಾಡುವ ಸ್ವಿಚ್ಚು.) ಅಣ್ಣನನ್ನು ಕೇಳಿದರೆ ಅವನ ಸಂಕಟವೇ ಬೇರೆ. ಮೋಟಾರ್ ಎರಡು ಸಲ ಸುಟ್ಟಿತ್ತು. ಸುಟ್ಟ ತಂತಿ ತೆಗೆದು ಹೊಸದು ಸುತ್ತಿಸುವ ರಿವೈಂಡಿಂಗ್ ಖರ್ಚನ್ನು ಅವನೊಬ್ಬನೇ ಹೊತ್ತಿದ್ದ. ತಮ್ಮನ ಹತ್ತಿರ ಕೇಳಲು ಮನಸ್ಸು ಬಾರದೆ ಕೀಲಿ ಜಡಿದಿದ್ದ.

ಮೂರನೇ ಸಲ ಕೂತಾಗ ಹಾದಿ ಸಿಕ್ಕಿತು. ಕೀಲಿ ಹಾಗೇ ಇರಲಿ, ಕೀಲಿಕೈ ಎರಡಾಗಲಿ. ರಿವೈಂಡಿಂಗ್ ಖರ್ಚು ಅರ್ಧರ್ಧ. ರಾತ್ರಿ ಪಾಳಿ ಒಬ್ಬನ ತಲೆಗೇ ಬೀಳದಂತೆ ವಾರಕ್ಕೊಮ್ಮೆ ಅದಲುಬದಲು. ಕೀಲಿಕೈ ಮಾತು ಅವರ ದಾವೆಯಲ್ಲಿ ಎಲ್ಲೂ ಇರಲಿಲ್ಲ, ತೀರ್ಪಿನಲ್ಲಿ ಎಲ್ಲಿಂದ ಬರಬೇಕು?

ಒಂದು ಎಚ್ಚರ. ಇಬ್ಬರೂ ಸಹಿ ಹಾಕಿದ ಒಪ್ಪಂದದಂತೆ ಕೋರ್ಟು ಡಿಕ್ರಿ, ಅಂದರೆ ದಾವೆ ಮುಗಿಸುವ ಆದೇಶ, ಮಾಡುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 96(3)ರಂತೆ ಒಪ್ಪಿಗೆಯ ಡಿಕ್ರಿಗೆ ಅಪೀಲು ಇಲ್ಲ. ತಿಳಿಯದ ಸಾಲಿದ್ದರೆ ಎರಡು ಸಲ ಓದಿಸಿ, ನಿಮ್ಮ ವಕೀಲರನ್ನು ಕೇಳಿ. ಒಪ್ಪಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ.

ಹೋಗುವಾಗ ಉತಾರ (ಪಹಣಿ), ವಾಟ್ನಿ ಪತ್ರ (ಪಾಲು ಪತ್ರ), ಮೋಟಾರ್ ರಿಪೇರಿಯ ಚೀಟಿಗಳು ಜೊತೆಗಿರಲಿ. ಮನೆಯವರ ಹತ್ತಿರವೂ ಮೊದಲೇ ಮಾತಾಡಿ. ಸಹಿ ಹಾಕಿ ಬಂದವರಿಗೆ ‘ಯಾರನ್ನ ಕೇಳಿ ಒಪ್ಪಿದ್ರಿ?’ ಅಂತ ಅಡುಗೆಮನೆಯಲ್ಲಿ ಎರಡನೇ ಕೇಸು ಶುರುವಾದದ್ದನ್ನೂ ನಾನು ನೋಡಿದ್ದೇನೆ.